ಜಾವಾದ ಬಾಟಿಕ್ ಸರೋಂಗ್: ಗುರುತಿಸಲು, ಆರಿಸಲು, ಉಡಲು, ಜೋಪಾನ ಮಾಡಲು ಸಮಗ್ರ ಮಾರ್ಗದರ್ಶಿ

ಜಾವಾ ದ್ವೀಪದ ಬಾಟಿಕ್ ಬಟ್ಟೆ ಕೈಗೆ ಬಂದಾಗ ಹೆಚ್ಚಿನವರು ಮೊದಲು ಕೇಳುವುದು ‘ಈ ಚಿತ್ತಾರದ ಅರ್ಥವೇನು?’ ಎಂದು. ಅದಕ್ಕೆ ಉತ್ತರ ಮುಂದೆ ಬರುತ್ತದೆ. ಅದಕ್ಕೂ ಮೊದಲು ಕೇಳಬೇಕಾದದ್ದು ‘ಈ ಬಟ್ಟೆಯ ಮೇಲೆ ಮೇಣ ಬಿದ್ದಿತ್ತೇ?’ ಎಂದು. ಬಿಸಿ ಮೇಣದಿಂದ ಬರೆದು, ಬಣ್ಣದಲ್ಲಿ ಅದ್ದಿ, ಮೇಣ ಕರಗಿಸಿ ತೆಗೆದು ಮಾಡಿದ್ದು ಬಾಟಿಕ್. ಅದೇ ಚಿತ್ತಾರವನ್ನು ಯಂತ್ರದಲ್ಲಿ ಮುದ್ರಿಸಿದರೆ ಅದು ಬಾಟಿಕ್ಕಿನ ಚಿತ್ರವಿರುವ ಬಟ್ಟೆ, ಅಷ್ಟೇ. 2009ರ ಅಕ್ಟೋಬರ್ 2ರಂದು ಯುನೆಸ್ಕೊ ಇಂಡೊನೇಷ್ಯಾದ ಬಾಟಿಕ್ಕನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗೌರವ ಸಂದದ್ದು ಈ ಕೈಕೆಲಸಕ್ಕೆ ಮತ್ತು ಅದರ ಸುತ್ತ ಬೆಳೆದ ನಡವಳಿಕೆಗೆ. ಹಾಗಾಗಿ ಮೊದಲು ಬಟ್ಟೆ, ಆಮೇಲೆ ಮೇಣ, ಆಮೇಲೆ ಬಣ್ಣ, ಅದಾದ ಮೇಲೆ ಚಿತ್ತಾರ. ಈ ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡರೆ ಮೋಸ ಹೋಗುವುದು ಕಡಿಮೆ, ಕಣ್ಣಿಗೆ ಸಿಗುವ ಸುಖವೂ ಹೆಚ್ಚು.

ಹೆಜ್ಜೆ 1: ಸರೋಂಗೋ, ಉದ್ದ ಬಟ್ಟೆಯೋ?

ಸರೋಂಗ್ ಎಂದರೆ ಎರಡು ತುದಿಗಳನ್ನು ಕೂಡಿಸಿ ಹೊಲಿದ ಉಡುಗೆ. ಹೊಲಿಯುವ ಮೊದಲು ಸುಮಾರು 2 ಮೀಟರ್ ಉದ್ದ, 1 ಮೀಟರಿಗಿಂತ ತುಸು ಹೆಚ್ಚು ಅಗಲ. ನಮ್ಮ ಸೀರೆಗೆ ಒಡಲು, ಸೆರಗು ಇರುವ ಹಾಗೆ ಇದಕ್ಕೂ ಎರಡು ಭಾಗ. ಹೆಚ್ಚಿನ ಪಾಲು ‘ಬಾದಾನ್’, ಅಂದರೆ ಮೈ. ಉಳಿದ ಸುಮಾರು ಕಾಲು ಭಾಗ ‘ಕೆಪಾಲ’, ಅಂದರೆ ತಲೆ. ಅಲ್ಲಿ ಚಿತ್ತಾರವೂ ಬೇರೆ, ಎಷ್ಟೋ ಸಲ ಬಣ್ಣವೂ ಬೇರೆ. ಕೆಪಾಲದ ಎರಡೂ ಬದಿಗೆ ‘ಪಾಪಾನ್’ ಎಂಬ ಉದ್ದನೆ ಪಟ್ಟಿಗಳಿರುತ್ತವೆ. ಹಳೆಯ ಸರೋಂಗುಗಳ ಕೆಪಾಲದಲ್ಲಿ ಎದುರುಬದುರು ನಿಂತ ಚೂಪು ತ್ರಿಕೋನಗಳ ಸಾಲು ಕಾಣುತ್ತದೆ. ಅದಕ್ಕೆ ‘ತುಂಪಾಲ್’ ಎಂದು ಹೆಸರು. ಭಾರತದ ಕೋರಮಂಡಲ ಕರಾವಳಿಯಿಂದ ಆ ದ್ವೀಪಗಳಿಗೆ ಹಡಗಿನಲ್ಲಿ ಹೋಗುತ್ತಿದ್ದ ಬಟ್ಟೆಗಳಲ್ಲೂ ಇದೇ ತ್ರಿಕೋನಗಳಿದ್ದವು.

‘ಕಾಯಿನ್ ಪಂಜಾಂಗ್’ ಹೊಲಿಗೆಯಿಲ್ಲದ ಉದ್ದ ಬಟ್ಟೆ. ಸುಮಾರು ಎರಡೂವರೆ ಮೀಟರ್ ಇರುತ್ತದೆ. ಅದಕ್ಕೆ ಕೆಪಾಲ ಇರುವುದಿಲ್ಲ. ಒಂದೇ ಚಿತ್ತಾರ ತುದಿಯಿಂದ ತುದಿಗೆ ಹರಡಿರುತ್ತದೆ, ಎರಡು ಕೊನೆಗಳಲ್ಲಿ ‘ಸೆರೆತ್’ ಎಂಬ ಸಣ್ಣ ಖಾಲಿ ಪಟ್ಟಿ ಉಳಿದಿರುತ್ತದೆ. ಹೊರಗಿನವರು ಎರಡನ್ನೂ ಸರೋಂಗ್ ಎಂದೇ ಕರೆದುಬಿಡುತ್ತಾರೆ. ಆದರೆ ಯೋಗ್ಯಕರ್ತಾ ಮತ್ತು ಸುರಕರ್ತಾ (ಸೋಲೊ) ಅರಮನೆಗಳ ಸಂಪ್ರದಾಯ ಬೆಳೆದದ್ದು ಉದ್ದ ಬಟ್ಟೆಯ ಮೇಲೆ. ಪೆಕಲೊಂಗನ್, ಚಿರೆಬೊನ್, ಲಾಸೆಮ್‌ನಂಥ ಉತ್ತರ ಕರಾವಳಿಯ ಊರುಗಳದ್ದು ಸರೋಂಗ್. ಒಳನಾಡೋ, ಕರಾವಳಿಯೋ ಎಂಬುದಕ್ಕೆ ಇದೇ ಮೊದಲ ಸುಳಿವು.

ಮೂರನೆಯದೊಂದಿದೆ: ‘ಪಾಗಿ ಸೋರೆ’, ಬೆಳಿಗ್ಗೆ ಸಂಜೆ ಎಂಬ ಹೆಸರಿನದು. ಬಟ್ಟೆಯನ್ನು ಓರೆಗೆರೆಯಲ್ಲಿ ಎರಡು ಪಾಲು ಮಾಡಿ ಒಂದೊಂದಕ್ಕೆ ಒಂದೊಂದು ಚಿತ್ತಾರ ಬರೆದಿರುತ್ತಾರೆ. ಒಂದು ತುದಿ ಹೊರಗೆ ಬರುವಂತೆ ಉಟ್ಟರೆ ಒಂದು ಬಟ್ಟೆ, ತಿರುಗಿಸಿ ಉಟ್ಟರೆ ಇನ್ನೊಂದು. 1942ರಿಂದ 1945ರವರೆಗೆ ಜಪಾನೀಯರ ಆಳ್ವಿಕೆಯಲ್ಲಿ ಹತ್ತಿ ಬಟ್ಟೆ ಸಿಗುವುದೇ ಕಷ್ಟವಾದಾಗ ಇದು ಬಹಳ ಬಳಕೆಗೆ ಬಂತು. ಬಟ್ಟೆ ಕಡಿಮೆ, ಕೈಗಳು ಹೆಚ್ಚು. ಇದ್ದ ಬಟ್ಟೆಯ ಮೇಲೆ ಒಂದಿಷ್ಟೂ ಜಾಗ ಬಿಡದೆ ಹೂವು, ಚಿಟ್ಟೆ ತುಂಬಿದರು. ‘ಜಾವಾ ಹೋಕೊಕಾಯ್’ ಎಂದು ಕರೆಯುವ ಆ ಕಾಲದ ಬಟ್ಟೆ ಕಂಡರೆ ನಿಧಾನವಾಗಿ ನೋಡಿ. ಅಷ್ಟು ಬಡತನದಲ್ಲಿ ಅಷ್ಟು ಸಮೃದ್ಧವಾದ ಕೆಲಸ ನಡೆದದ್ದು ನನಗಂತೂ ಇವತ್ತಿಗೂ ಬೆರಗು.

ಹೆಜ್ಜೆ 2: ಬಟ್ಟೆಯನ್ನು ಮಗುಚಿ, ಮೇಣದ ಗುರುತು ಹುಡುಕಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಬಾಟಿಕ್ ತಯಾರಾಗುವ ಬಗೆ ತಿಳಿದಿದ್ದರೆ ಏನನ್ನು ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮೇಣಕ್ಕೆ ಜಾವಾದಲ್ಲಿ ‘ಮಾಲಮ್’ ಎನ್ನುತ್ತಾರೆ. ಜೇನುಮೇಣ, ಪ್ಯಾರಾಫಿನ್ ಮತ್ತು ಮರದ ರಾಳಗಳ ಮಿಶ್ರಣ ಅದು. ಬರೆಯುವ ಸಾಧನ ‘ಚಾಂತಿಂಗ್’: ಬಿದಿರಿನ ಅಥವಾ ಮರದ ಹಿಡಿ, ತುದಿಯಲ್ಲಿ ತಾಮ್ರದ ಪುಟ್ಟ ಬಟ್ಟಲು, ಅದಕ್ಕೊಂದು ಸಪುರ ಮೂತಿ. ಸಣ್ಣ ಒಲೆಯ ಮೇಲೆ ಕರಗುತ್ತಿರುವ ಮೇಣವನ್ನು ಬಟ್ಟಲಲ್ಲಿ ಮೊಗೆದು, ಮೂತಿಯನ್ನು ಊದಿ, ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಮೊದಲು ಚಿತ್ತಾರದ ಹೊರಗೆರೆ, ಆಮೇಲೆ ಒಳಗಿನ ಚುಕ್ಕಿ, ಸಣ್ಣ ಗೆರೆಗಳು. ಇವಕ್ಕೆ ‘ಇಸೆನ್’ ಎಂದು ಹೆಸರು. ಬಿಳಿಯಾಗಿಯೇ ಉಳಿಯಬೇಕಾದ ಜಾಗಕ್ಕೆ ಮೇಣವನ್ನು ದಪ್ಪಗೆ ಮೆತ್ತುತ್ತಾರೆ. ನಂತರ ನೀಲಿಯಲ್ಲಿ ಅದ್ದು. ಕಂದು ಬರಬೇಕಾದ ಕಡೆಯ ಮೇಣ ಕೆರೆದು, ನೀಲಿಯಾಗಿಯೇ ಇರಬೇಕಾದ ಕಡೆ ಮತ್ತೆ ಮೇಣ ಹಚ್ಚಿ, ಕಂದು ಬಣ್ಣದಲ್ಲಿ ಅದ್ದು. ಕೊನೆಗೆ ಕುದಿಯುವ ನೀರಿನಲ್ಲಿ ಹಾಕಿ ಮೇಣ ಬಿಡಿಸುವುದು. ಈ ಕೆಲಸ ‘ಙ್ಲೊರೊದ್’. ಒಳ್ಳೆಯ ಕೆಲಸದಲ್ಲಿ ಬಟ್ಟೆಯ ಹಿಂಬದಿಗೂ ಅದೇ ಗೆರೆಗಳ ಮೇಲೆ ಮೇಣ ಬರೆಯುತ್ತಾರೆ. ಬಣ್ಣ ಎರಡೂ ಕಡೆಯಿಂದ ಬಟ್ಟೆಗೆ ಇಳಿಯುವುದು ಹಾಗೆ.

ಈಗ ಬಟ್ಟೆಯನ್ನು ಬೆಳಕಿಗೆ ಹಿಡಿದು ಮಗುಚಿ ನೋಡಿ.

ಕೈಯಲ್ಲಿ ಬರೆದ ‘ಬಾಟಿಕ್ ತುಲಿಸ್’ ಆದರೆ ಮುಂದೆ ಹಿಂದೆ ಎರಡೂ ಒಂದೇ ಕಳೆ. ಒಂದು ಹೂವನ್ನು ಆರಿಸಿಕೊಂಡು ಅದರ ಪಕ್ಕದ ಅಂಥದೇ ಹೂವಿನ ಜೊತೆ ಹೋಲಿಸಿ: ಎಸಳಿನ ಬಾಗು, ಚುಕ್ಕಿಗಳ ಅಂತರ, ಗೆರೆಯ ದಪ್ಪ ಎಲ್ಲದರಲ್ಲೂ ತುಸು ವ್ಯತ್ಯಾಸ ಕಾಣಲೇಬೇಕು. ಚುಕ್ಕಿಗಳು ಪೂರ್ತಿ ದುಂಡಗೆ ಇರುವುದಿಲ್ಲ.

‘ಬಾಟಿಕ್ ಚಾಪ್’ ಆದರೆ ಮೇಣವನ್ನು ತಾಮ್ರದ ಅಚ್ಚಿನಿಂದ ಒತ್ತಿರುತ್ತಾರೆ. 19ನೇ ಶತಮಾನದ ನಡುವಿನಲ್ಲಿ ಬಂದ ಈ ಅಚ್ಚು ಕೆಲಸದ ವೇಗವನ್ನು ಎಷ್ಟೋ ಪಟ್ಟು ಹೆಚ್ಚಿಸಿತು; ಚಾಂತಿಂಗ್ ಹೆಚ್ಚಾಗಿ ಹೆಂಗಸರ ಕೈಯಲ್ಲಿದ್ದರೆ ಭಾರದ ಅಚ್ಚು ಗಂಡಸರ ಕೈಗೆ ಹೋಯಿತು. ಇದರಲ್ಲಿ ಚಿತ್ತಾರ ಗೇಣಗಲದ ಚೌಕಗಳಲ್ಲಿ ಮರುಕಳಿಸುತ್ತದೆ. ಚೌಕ ಚೌಕ ಸೇರುವ ಕಡೆ ಗೆರೆ ತುಸು ತಪ್ಪಿರುವುದೂ, ಮೇಣ ಎರಡು ಸಲ ಬಿದ್ದಿರುವುದೂ ಕಾಣುತ್ತದೆ. ಚಾಪ್ ಕೂಡ ನಿಜವಾದ ಬಾಟಿಕ್ಕೇ. ಅದನ್ನು ಕೀಳಾಗಿ ಕಾಣುವವರ ಮಾತು ಒಪ್ಪಬೇಡಿ. ಹೊರಗೆರೆ ಅಚ್ಚಿನದು, ಒಳಗಿನ ತುಂಬು ಕೈಯದು ಎಂಬ ಮಿಶ್ರ ಬಗೆಯೂ ಧಾರಾಳವಾಗಿದೆ.

ಮುದ್ರಿತ ಬಟ್ಟೆಯ ಹಿಂಬದಿ ಸಾಮಾನ್ಯವಾಗಿ ಮಂಕು. ಆದರೆ ಬಟ್ಟೆ ತೆಳುವಾಗಿದ್ದರೆ ಮುದ್ರಣದ ಬಣ್ಣವೂ ಹಿಂದಕ್ಕೆ ಇಳಿಯುತ್ತದೆ. ಆದ್ದರಿಂದ ಹಿಂಬದಿಯೊಂದನ್ನೇ ನಂಬಬೇಡಿ. ಪ್ರತಿ ಹೂವೂ, ಪ್ರತಿ ಚುಕ್ಕಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ ಅನುಮಾನ ಬೇಡ, ಅದು ಯಂತ್ರದ್ದು. ಹೊಸ ಬಾಟಿಕ್ಕಿಗೆ ಮೇಣದ ಸಣ್ಣ ವಾಸನೆಯೂ ಇರುತ್ತದೆ. ಇಂಡೊನೇಷ್ಯಾದ ಕೈಗಾರಿಕಾ ಸಚಿವಾಲಯದ ‘ಬಾಟಿಕ್‌ಮಾರ್ಕ್’ ಚೀಟಿ ಇದ್ದರೆ ಕೆಲಸ ಇನ್ನೂ ಸುಲಭ: ಚಿನ್ನದ ಬಣ್ಣದ ಅಕ್ಷರ ತುಲಿಸ್‌ಗೆ, ಬೆಳ್ಳಿಯದು ಚಾಪ್‌ಗೆ, ಬಿಳಿಯದು ಮಿಶ್ರಕ್ಕೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಬಾಟಿಕ್ ಎಂದರೆ ಬಟ್ಟೆಯ ತುಂಬ ಜೇಡರ ಬಲೆಯ ಹಾಗೆ ಹಬ್ಬಿದ ಬಿರುಕುಗೆರೆಗಳು ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಒಣಗಿದ ಮೇಣ ಬಿರಿದು ಅದರೊಳಗೆ ಬಣ್ಣ ನುಗ್ಗಿದಾಗ ಆ ಗೆರೆ ಮೂಡುತ್ತದೆ. ಜಾವಾದ ಅರಮನೆ ಬಾಟಿಕ್ಕಿನಲ್ಲಿ ಅದು ಕೆಲಸದ ದೋಷ. ಹಾಗಾಗಿ ಬಿರುಕಿಲ್ಲ ಎಂದು ಒಳ್ಳೆಯ ಬಟ್ಟೆಯನ್ನು ಬದಿಗಿಡಬೇಡಿ.

ಹೆಜ್ಜೆ 3: ಬಣ್ಣದಿಂದ ಊರು ಗುರುತಿಸಿ

ಒಳನಾಡಿನ ಬಾಟಿಕ್ಕಿನಲ್ಲಿ ಬಣ್ಣ ಮೂರೇ: ಕಡುನೀಲಿ, ಬಿಳಿ, ಮತ್ತು ‘ಸೋಗಾ’ ಎಂಬ ಕಂದು. ನೀಲಿ ಸಿಗುವುದು ನೀಲಿ ಗಿಡದಿಂದ. ಸೋಗಾ ಮಾಡುವುದು ಹಲವು ಮರಗಳ ತೊಗಟೆ, ಚಕ್ಕೆಗಳಿಂದ. ಅದರಲ್ಲಿ ಮುಖ್ಯವಾದ ಒಂದು ಪೆಲ್ಟೊಫೋರಂ ಮರದ ತೊಗಟೆ. ಬೇಸಿಗೆಯಲ್ಲಿ ಬೆಂಗಳೂರಿನ ರಸ್ತೆಗಳ ಮೇಲೆ ಹಳದಿ ಹೂ ಹಾಸುವ ಮರ ಅದೇ. ಬಿಳಿ ಅಚ್ಚ ಬಿಳಿಯಾಗಿದ್ದು ನೀಲಿ ಗಾಢವಾಗಿದ್ದರೆ ಯೋಗ್ಯಕರ್ತಾ ಶೈಲಿ. ಬಿಳಿಯ ಜಾಗ ಕೆನೆಬಣ್ಣಕ್ಕೆ ತಿರುಗಿ, ಇಡೀ ಬಟ್ಟೆ ಹೊನ್ನುಗಂದಿನಲ್ಲಿ ಮಿಂದಂತಿದ್ದರೆ ಸೋಲೊ. 1755ರಲ್ಲಿ ಮಾತಾರಾಮ್ ರಾಜ್ಯ ಈ ಎರಡು ಅರಮನೆಗಳಾಗಿ ಒಡೆದ ಮೇಲೆ ಎರಡರ ಉಡುಗೆಯೂ ಬೇರೆ ಬೇರೆ ದಾರಿ ಹಿಡಿಯಿತು.

ಕರಾವಳಿಯದು ಬೇರೆಯೇ ಲೋಕ. ಅಲ್ಲಿ ಕೆಂಪು ಬರುತ್ತದೆ. ಹಿಂದೆ ಅದನ್ನು ತೆಗೆಯುತ್ತಿದ್ದದ್ದು ನಾವು ನೋನಿ ಎಂದು ಕರೆಯುವ ಗಿಡದ ಬೇರಿನಿಂದ. ಲಾಸೆಮ್‌ನ ಕೆಂಪಿಗೆ ಕೋಳಿರಕ್ತದ ಕೆಂಪೆಂದೇ ಹೆಸರು. ಲಾಸೆಮ್‌ನಲ್ಲಿ ಕೆಂಪು, ಪೆಕಲೊಂಗನ್‌ನಲ್ಲಿ ನೀಲಿ, ಸೋಲೊದಲ್ಲಿ ಕಂದು ಹೀಗೆ ಒಂದೇ ಬಟ್ಟೆ ಊರೂರು ಸುತ್ತಿ ಬಣ್ಣ ಕಟ್ಟಿಸಿಕೊಳ್ಳುತ್ತಿತ್ತು. ಅದನ್ನು ‘ತೀಗ ನೆಗೆರಿ’, ಮೂರು ನಾಡಿನ ಬಟ್ಟೆ ಎನ್ನುತ್ತಾರೆ. ಗುಲಾಬಿ, ತಿಳಿಹಸಿರು, ನೇರಳೆಯಂಥ ಬಣ್ಣ ಕಂಡರೆ ರಾಸಾಯನಿಕ ಬಣ್ಣ ಬಂದ ಮೇಲಿನ ಪೆಕಲೊಂಗನ್ ಎಂದು ಮೊದಲ ಊಹೆ ಮಾಡಬಹುದು.

ಹೆಜ್ಜೆ 4: ಅರಮನೆಯ ಚಿತ್ತಾರಗಳನ್ನು ಓದಿ

ಪಾರಾಂಗ್: ಓರೆಯಾಗಿ ಹರಿಯುವ ಪಟ್ಟಿಗಳು, ಪ್ರತಿ ಪಟ್ಟಿಯಲ್ಲೂ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಬಾಗು ಅಲಗುಗಳು, ಪಟ್ಟಿಗಳ ನಡುವೆ ‘ಮ್ಲಿಂಜೊನ್’ ಎಂಬ ಪುಟ್ಟ ವಜ್ರಾಕಾರಗಳ ಸಾಲು. ದಕ್ಷಿಣದ ಕಡಲತೀರದಲ್ಲಿ ಬಂಡೆಗೆ ಬಡಿಯುವ ಅಲೆಗಳಿಂದ ಇದು ಹುಟ್ಟಿತೆಂದು ಅರಮನೆಯ ಐತಿಹ್ಯ. ಅಳತೆಯ ಮೇಲೆ ಹೆಸರು ಬದಲಾಗುತ್ತದೆ: ಎಲ್ಲಕ್ಕಿಂತ ದೊಡ್ಡದು ಬಾರೊಂಗ್, ನಡುವಿನದು ಗೆಂದ್ರೆಹ್, ಸಣ್ಣದು ಕ್ಲಿತಿಕ್. 18ನೇ ಶತಮಾನದ ಕೊನೆಯ ಭಾಗದಲ್ಲಿ ಅರಸರು ಪಾರಾಂಗ್ ರುಸಾಕ್ ಮುಂತಾದ ಕೆಲವು ಚಿತ್ತಾರಗಳನ್ನು ರಾಜಮನೆತನಕ್ಕೆ ಮೀಸಲಿಟ್ಟು ಆಜ್ಞೆ ಹೊರಡಿಸಿದರು. ಇವತ್ತು ಪೇಟೆಯಲ್ಲಿ ಯಾರು ಬೇಕಾದರೂ ಕೊಂಡು ಉಡಬಹುದು. ಅರಮನೆಯ ಆವರಣದಲ್ಲಿ ಮಾತ್ರ ಆ ಮರ್ಯಾದೆ ಉಳಿದಿದೆ. 2022ರ ಡಿಸೆಂಬರ್‌ನಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಅವರ ಕಿರಿಯ ಮಗನ ಮದುವೆಯ ಸಮಾರಂಭ ಸೋಲೊದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗ, ಪಾರಾಂಗ್ ಉಟ್ಟು ಬರಬೇಡಿ ಎಂದು ಅತಿಥಿಗಳಿಗೆ ಮೊದಲೇ ತಿಳಿಸಿದ್ದರು.

ಕಾವುಂಗ್: ನಾಲ್ಕು ಅಂಡಾಕಾರಗಳು ನಡುವಿಗೆ ಮುಖ ಮಾಡಿ ಸೇರಿದ ಚಿತ್ತಾರ, ಸಾಲು ಸಾಲಾಗಿ. ಸಕ್ಕರೆ ತಾಳೆಯ ಕಾಯಿ ಅಡ್ಡ ಕೊಯ್ದಾಗ ಕಾಣುವ ರೂಪ ಎಂದು ಹೇಳುತ್ತಾರೆ. ಜಾವಾದ ಹಳೆಯ ಹಿಂದೂ ಕಾಲದ ಶಿಲ್ಪಗಳಲ್ಲೂ ಇಂಥ ಕೆತ್ತನೆ ಇದೆ. ಇದೂ ಮೀಸಲು ಪಟ್ಟಿಯಲ್ಲಿತ್ತು.

ಸೆಮೆನ್: ಚಿಗುರು, ಬಳ್ಳಿ, ಮೇರು ಪರ್ವತ, ಗರುಡನ ರೆಕ್ಕೆ, ಹಕ್ಕಿ, ಮಂಟಪ ಎಲ್ಲ ಹೆಣೆದುಕೊಂಡ ದೊಡ್ಡ ಚಿತ್ತಾರ. ಗರುಡನ ಜೋಡಿ ರೆಕ್ಕೆ ಬಾಲದೊಂದಿಗೆ ಇದ್ದರೆ ಅದು ‘ಸಾವಾತ್’, ಅರಸನ ಗುರುತು. ಇವುಗಳಲ್ಲಿ ಕನ್ನಡ ಓದುಗರಿಗೆ ಹತ್ತಿರ ಅನ್ನಿಸುವುದು ಸೆಮೆನ್ ರಾಮ. ರಾಮ ವಿಭೀಷಣನಿಗೆ ಹೇಳಿದ ರಾಜನೀತಿ, ಇಂದ್ರ, ಯಮ, ಸೂರ್ಯ, ಚಂದ್ರ, ವಾಯು, ಕುಬೇರ, ವರುಣ, ಅಗ್ನಿ ಈ ಎಂಟು ದೇವತೆಗಳ ಗುಣ ಅರಸನಲ್ಲಿರಬೇಕೆಂಬ ‘ಅಷ್ಟಬ್ರತ’, ಈ ಬಟ್ಟೆಯ ಮೇಲೆ ಚಿತ್ರವಾಗಿ ಕೂತಿದೆ. ಮೇರು, ಬೆಂಕಿಯ ನಾಲಿಗೆ, ರೆಕ್ಕೆಯ ಪ್ರಾಣಿ ಒಂದೊಂದನ್ನೂ ಒಂದೊಂದು ಗುಣಕ್ಕೆ ಹೊಂದಿಸಿ ಓದುತ್ತಾರೆ. ಬಹುಪಾಲು ಮುಸ್ಲಿಮರಿರುವ ನಾಡು ರಾಮನ ಮಾತನ್ನು ಮೈಮೇಲೆ ಉಡುತ್ತಾ ಬಂದಿದೆ. ನಾನು ಈ ಬಟ್ಟೆಯನ್ನು ಇಷ್ಟಪಡಲು ಬೇರೆ ಕಾರಣ ಬೇಕಿಲ್ಲ.

ತ್ರುಂತುಮ್: ಕಪ್ಪು ಅಥವಾ ಕಡುನೀಲಿ ನೆಲದ ಮೇಲೆ ನಕ್ಷತ್ರದಂಥ ಸಣ್ಣ ಹೂಗಳು. 1749ರಿಂದ 1788ರವರೆಗೆ ಆಳಿದ ಮೂರನೆಯ ಪಾಕುಬುವೊನೊನ ರಾಣಿ ರತು ಕೆಂಚನ ಇದನ್ನು ಬರೆದಳೆಂದು ಸೋಲೊದಲ್ಲಿ ಹೇಳುತ್ತಾರೆ. ಅರಸನ ಒಲವು ತಪ್ಪಿದಾಗ ಇರುಳ ನಕ್ಷತ್ರಗಳನ್ನು ನೋಡುತ್ತ ಬರೆದ ಚಿತ್ತಾರ, ಅದನ್ನು ಕಂಡ ಅರಸನಿಗೆ ಪ್ರೀತಿ ಮತ್ತೆ ಚಿಗುರಿತಂತೆ.

ಸಿದೊ ಎಂದು ಶುರುವಾಗುವವು: ಸಿದೊ ಮುಕ್ತಿ, ಸಿದೊ ಲುಹುರ್, ಸಿದೊ ಆಸಿಹ್. ವಜ್ರಾಕಾರದ ಮನೆಗಳೊಳಗೆ ರೆಕ್ಕೆ, ಹೂವು, ಮಂಟಪ ಇರುತ್ತವೆ. ಸುಖ, ಉನ್ನತಿ, ಒಲವು ಕೈಗೂಡಲಿ ಎಂಬ ಹಾರೈಕೆ.

ಇವಲ್ಲದೆ ಸುತ್ತು ಹೂಗಳ ಚೆಪ್ಲೊಕ್, ನೇಯ್ಗೆಯ ಎಳೆಗಳನ್ನು ಅನುಕರಿಸುವ ಚುಕ್ಕಿಗಳ ನಿತಿಕ್, ತುಂತುರು ಮಳೆಯಂತೆ ಓರೆ ಸಾಲುಗಳ ಉದಾನ್ ಲಿರಿಸ್, ತೇಪೆ ಹಾಕಿದಂತೆ ಕಾಣುವ ತಂಬಾಲ್ ಇವೆ. ತಂಬಾಲ್ ಹೊದಿಸಿದರೆ ಕಾಯಿಲೆ ಗುಣವಾಗುತ್ತದೆ ಎಂಬ ನಂಬಿಕೆ ಇತ್ತು.

ಹೆಜ್ಜೆ 5: ಕರಾವಳಿಯ ಚಿತ್ತಾರಗಳು

ಕರಾವಳಿಯಲ್ಲಿ ಆಜ್ಞೆಗಳ ಬಿಗಿ ಇರಲಿಲ್ಲ, ವ್ಯಾಪಾರವಿತ್ತು. ಚೀನೀಯರು, ಅರಬರು, ಡಚ್ಚರು, ಭಾರತೀಯರು ಬಂದುಹೋಗುವ ಬಂದರುಗಳಲ್ಲಿ ಚಿತ್ತಾರಗಳೂ ಬಂದುಹೋದವು.

ಚಿರೆಬೊನ್‌ನ ‘ಮೇಗ ಮೆಂದುಂಗ್’ ನೋಡಿದ ಕೂಡಲೇ ಗುರುತು ಸಿಗುತ್ತದೆ: ಪದರ ಪದರವಾಗಿ ತಿಳಿಯಿಂದ ಗಾಢಕ್ಕೆ ಇಳಿಯುವ ನೀಲಿಯ ಮೋಡಗಳು. ಒಂದೊಂದು ಪದರಕ್ಕೂ ಮೇಣ, ಮತ್ತೆ ಬಣ್ಣ; ಅದಕ್ಕೇ ಪದರಗಳನ್ನು ಎಣಿಸಿ ಬೆಲೆ ಕೇಳಬೇಕು. ಲಾಸೆಮ್‌ನದು ಚೀನೀ ಮನೆತನಗಳ ಕೈಕೆಲಸ, ಅಲ್ಲಿ ಫೀನಿಕ್ಸ್ ಹಕ್ಕಿ, ಡ್ರ್ಯಾಗನ್ ಜೊತೆಗೆ ಕಡಲಪಾಚಿಯ ‘ಲಾತೊಹಾನ್’ ಕೂಡ ಇದೆ. ತುಬಾನ್ ಬಳಿಯ ಕೆರೆಕ್‌ನಲ್ಲಿ ಕೈಯಲ್ಲಿ ನೂತು ನೇಯ್ದ ಒರಟು ಬಟ್ಟೆಯ ಮೇಲೆಯೇ ಬಾಟಿಕ್ ಮಾಡುತ್ತಾರೆ, ಅದು ‘ಗೆದೊಗ್’.

ಪೆಕಲೊಂಗನ್ ಎಂದರೆ ‘ಬುಕೆತಾನ್’, ಹೂಗೊಂಚಲು. ಯುರೋಪಿನ ಮೂಲದ ಎಲಿಜಾ ಫಾನ್ ಝೌಲೆನ್ (1863-1947) ಕಾರ್ಖಾನೆಯ ಗೊಂಚಲುಗಳು ಹೆಸರುವಾಸಿಯಾದವು. ಬಟ್ಟೆಯ ಮೇಲೆ ಆಕೆಯ ಸಹಿ ಇರುತ್ತಿತ್ತು. ಹತ್ತಿರದ ಕೆದುಂಗ್‌ವುನಿಯಲ್ಲಿ 1925ರಲ್ಲಿ ಶುರುವಾದ ಊಯಿ ಸು ಚುನ್ ಮನೆತನದ ಕೆಲಸ ಎರಡೂ ಬದಿಯಲ್ಲಿ ಒಂದೇ ಸಮ. ಒಂದೊಂದು ಸರೋಂಗಿಗೆ ವರ್ಷಗಳೇ ಹಿಡಿಯುತ್ತವೆ. ಇದೇ ಊರಿನ ‘ಜ್ಲಂಪ್ರಾಂಗ್’ ಚಿತ್ತಾರದ ಮೂಲ ಗುಜರಾತಿನ ಪಟೋಲ. ಎಳೆಗಳಿಗೆ ಮೊದಲೇ ಬಣ್ಣ ಕಟ್ಟಿ ನೇಯುವ ಆ ರೇಷ್ಮೆ ಜಾವಾದ ಅರಮನೆಗಳಲ್ಲಿ ‘ಚಿಂದೆ’ ಎಂಬ ಹೆಸರಿನಿಂದ ಅಮೂಲ್ಯವಾಗಿತ್ತು. ನೇಯ್ಗೆಯ ಆ ಚಿತ್ತಾರವನ್ನು ಇಲ್ಲಿಯವರು ಮೇಣದಲ್ಲಿ ತಂದರು.

ಹೆಜ್ಜೆ 6: ಸಂದರ್ಭ ನೋಡಿ ಆರಿಸಿ

ಜಾವಾದ ಮದುವೆಗೆ ಕರೆ ಬಂದಿದ್ದರೆ ಪಾರಾಂಗ್ ಬೇಡ. ಗಂಡ ಹೆಂಡತಿಯ ನಡುವೆ ಜಗಳ ತರುತ್ತದೆಂಬ ನಂಬಿಕೆ ಹಳಬರಲ್ಲಿದೆ. ಸಿದೊ ಮುಕ್ತಿಯಂಥವು ವಧೂವರರದು, ತ್ರುಂತುಮ್ ಅವರ ತಂದೆತಾಯಿಯರದು. ಅತಿಥಿಗಳು ಚೆಪ್ಲೊಕ್ ಅಥವಾ ಕರಾವಳಿಯ ಹೂಗೊಂಚಲು ಉಟ್ಟರೆ ಯಾರಿಗೂ ಬೇಸರವಿಲ್ಲ. ‘ಸ್ಲೊಬೊಗ್’ ಎಂಬುದು ಸಾವಿನ ಮನೆಗೆ ಉಡುವ ಚಿತ್ತಾರ, ಹೋದವರ ದಾರಿ ಸಲೀಸಾಗಲಿ ಎಂದು. ಅದನ್ನು ತಿಳಿಯದೆ ಶುಭಕಾರ್ಯಕ್ಕೆ ಕೊಂಡು ಉಡುಗೊರೆ ಕೊಡದಿರಿ.

ಹೆಜ್ಜೆ 7: ಕೊಳ್ಳುವಾಗ

ಯೋಗ್ಯಕರ್ತಾದ ಬೆರಿಂಗ್‌ಹಾರ್ಜೊ, ಸೋಲೊದ ಕ್ಲೆವೆರ್ ಮಾರುಕಟ್ಟೆಗಳಲ್ಲಿ ಎಲ್ಲ ಬಗೆಯೂ ಬೆರೆತಿರುತ್ತವೆ. ಎರಡನೇ ಹೆಜ್ಜೆ ಅಲ್ಲಿ ಕೈಹಿಡಿಯುತ್ತದೆ. ಕೆಲಸ ನಡೆಯುವಲ್ಲೇ ಕೊಳ್ಳುವುದಾದರೆ ಸೋಲೊದ ಲಾವೆಯಾನ್, ಯೋಗ್ಯಕರ್ತಾ ಬಳಿಯ ಗಿರಿಲೊಯೊ, ಚಿರೆಬೊನ್ ಪಕ್ಕದ ತ್ರುಸ್ಮಿ. ಕಣ್ಣು ಪಳಗಿಸಲು ಮೊದಲು ಪೆಕಲೊಂಗನ್‌ನ ಬಾಟಿಕ್ ಸಂಗ್ರಹಾಲಯಕ್ಕೋ ಸೋಲೊದ ದಾನಾರ್ ಹಾದಿ ಸಂಗ್ರಹಾಲಯಕ್ಕೋ ಹೋಗಿಬನ್ನಿ. ಅಂಗಡಿಯಲ್ಲಿ ಮೂರು ಮಾತು ಕೇಳಿ: ತುಲಿಸ್ಸೋ ಚಾಪೋ, ಬಣ್ಣ ಗಿಡದ್ದೋ ರಾಸಾಯನಿಕವೋ, ಬಟ್ಟೆ ಪ್ರಿಮಿಸ್ಸಿಮವೋ ಪ್ರಿಮವೋ. ಹತ್ತಿಯಲ್ಲಿ ಪ್ರಿಮಿಸ್ಸಿಮ ಎಲ್ಲಕ್ಕಿಂತ ನಯ. ತಿಂಗಳುಗಟ್ಟಲೆ ಕೈಯಲ್ಲಿ ಬರೆದ ಬಟ್ಟೆಯನ್ನು ಮುದ್ರಿತ ಬಟ್ಟೆಯ ಬೆಲೆಗೆ ಕೇಳಬೇಡಿ. ಹಣ ಸಾಲದಿದ್ದರೆ ಒಳ್ಳೆಯ ಚಾಪ್ ಕೊಳ್ಳಿ, ಸುಳ್ಳು ತುಲಿಸ್ ಬೇಡ.

ಹೆಜ್ಜೆ 8: ಉಡುವುದು

ಸರೋಂಗನ್ನು ತಲೆಯಿಂದಲೋ ಕಾಲಿನಿಂದಲೋ ಹಾಕಿಕೊಂಡು ಕೆಪಾಲ ಮುಂದೆ ಬರುವಂತೆ ತಿರುಗಿಸಿ. ಹೆಂಗಸರು ಕೆಬಾಯ ರವಿಕೆಯ ಜೊತೆ ಉಡುವಾಗ ಹೀಗೆ. ಒಂದು ಪಕ್ಕಕ್ಕೆ ಎಳೆದು ಮೈಗೆ ಬಿಗಿ ಮಾಡಿ, ಉಳಿದ ಸಡಿಲವನ್ನು ಮುಂದೆ ಮಡಚಿ ಇನ್ನೊಂದು ಪಕ್ಕಕ್ಕೆ ತನ್ನಿ. ಮೇಲಂಚನ್ನು ಒಳಗೆ ಸಿಕ್ಕಿಸಿ ಅಥವಾ ಹೊರಗೆ ಎರಡು ಸುತ್ತು ಮಡಚಿ. ಸಭೆ ಸಮಾರಂಭಕ್ಕಾದರೆ ‘ಸ್ತಾಗೆನ್’ ಎಂಬ ಉದ್ದ ನಡುಪಟ್ಟಿ ಬಿಗಿದರೆ ಜಾರುವುದಿಲ್ಲ.

ಉದ್ದ ಬಟ್ಟೆಗೆ ಹಿಂದಿನ ದಿನವೇ ನೆರಿಗೆ ಹಿಡಿಯಬೇಕು. ಹೊರಗೆ ಬರುವ ತುದಿಯಿಂದ ಶುರುಮಾಡಿ, ಹೆಂಗಸರದು ಸುಮಾರು ಎರಡು ಬೆರಳಗಲ, ಗಂಡಸರದು ಮೂರು ಬೆರಳಗಲ, ಸಂಖ್ಯೆ ಬೆಸ. ಇದಕ್ಕೆ ‘ವಿರೊನ್’ ಎನ್ನುತ್ತಾರೆ. ಯೋಗ್ಯಕರ್ತಾ ಕ್ರಮದಲ್ಲಿ ಮೊದಲು ಹೇಳಿದ ಸೆರೆತ್ ಪಟ್ಟಿ ನೆರಿಗೆಯ ಮೇಲೆ ಕಾಣಬೇಕು, ಸೋಲೊ ಕ್ರಮದಲ್ಲಿ ಒಳಗೆ ಮರೆಯಾಗಬೇಕು. ಕ್ಲಿಪ್ಪು ಹಾಕಿ ಭಾರದಡಿ ಇಟ್ಟು, ಮಾರನೆಯ ದಿನ ನೆರಿಗೆ ಮುಂದೆ ನಡುವಿಗೆ ಬರುವಂತೆ ಸುತ್ತಿ ಬಿಗಿಯಿರಿ. ಪಾರಾಂಗ್ ಆಗಿದ್ದರೆ ನೆರಿಗೆ ಹಿಡಿಯುವ ಮೊದಲು ಓರೆ ಪಟ್ಟಿಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡಿಕೊಳ್ಳಿ.

ಹೆಜ್ಜೆ 9: ಒಗೆಯುವುದು, ಇಡುವುದು

ಜಾವಾದಲ್ಲಿ ಬಾಟಿಕ್ ಒಗೆಯುವುದು ‘ಲೆರಾಕ್’ ಕಾಯಿಯ ನೊರೆಯಲ್ಲಿ. ನಮ್ಮ ಅಂಟುವಾಳ ಅದೇ ಕುಲದ್ದು. ಕಾಯಿಯ ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಹಾಕಿ, ಕಿವುಚಿ, ಸೋಸಿ, ತಣ್ಣಗಾದ ನೀರಿನಲ್ಲಿ ಬಟ್ಟೆಯನ್ನು ಮೆಲ್ಲಗೆ ಅದ್ದಿ ತೆಗೆಯಿರಿ. ಸೋಪಿನ ಪುಡಿ, ಬ್ರಷ್ಷು, ವಾಷಿಂಗ್ ಮಷಿನ್ ಬೇಡ. ಮೊದಲ ಸಲ ಪ್ರತಿಯೊಂದನ್ನೂ ಬೇರೆಯಾಗಿಯೇ ಒಗೆಯಿರಿ, ನೀಲಿ ಬಿಡುವುದು ಸಹಜ. ಹಿಂಡದೆ ನೆರಳಿನಲ್ಲಿ ಒಣಗಿಸಿ. ಇಸ್ತ್ರಿ ಮಾಡುವಾಗ ಮೇಲೊಂದು ತೆಳು ಬಟ್ಟೆ ಹಾಸಿಕೊಳ್ಳಿ. ಸೆಂಟನ್ನು ಬಟ್ಟೆಯ ಮೇಲೆ ನೇರವಾಗಿ ಸಿಂಪಡಿಸಬೇಡಿ, ಗಿಡದ ಬಣ್ಣಕ್ಕೆ ಕಲೆ ಬೀಳುತ್ತದೆ.

ನುಸಿಗುಳಿಗೆ ಬಟ್ಟೆಗೆ ತಾಗುವಂತೆ ಇಡಬೇಡಿ. ಕಾಳುಮೆಣಸನ್ನು ತೆಳು ಕಾಗದದಲ್ಲಿ ಕಟ್ಟಿ ಕಪಾಟಿನಲ್ಲಿಡುವುದು ಅಲ್ಲಿಯ ರೂಢಿ. ಕೆಲವು ತಿಂಗಳಿಗೊಮ್ಮೆ ಹೊರತೆಗೆದು ಗಾಳಿಗೆ ಹಾಕಿ, ಹಳೆಯ ಮಡಿಕೆಯನ್ನು ಬಿಟ್ಟು ಬೇರೆ ಕಡೆ ಮಡಚಿ ಇಡಿ.